ಮೂವತ್ತೆಂಟು ಬಾವಿಗಳ ಸರಾಸರಿ

ರಾಜಗೋಪಾಲನಗರ
8 ಜನವರಿ 2024

ಚಿ. ವೇಣಿಗೆ ಆಶೀರ್ವಾದಗಳು.

ಪಾಪಯ್ಯ ಮೇಷ್ಟ್ರು ಎಂದರೆ ನೆನಪಾಗಬಹುದು. ಹೈಸ್ಕೂಲಿನಲ್ಲಿ ನಿಮಗೆ ಗಣಿತ, ವಿಜ್ಞಾನ ಎರಡನ್ನೂ ಹೇಳಿಕೊಟ್ಟವನು. ಮೂರನೇ ಅಡ್ಡರಸ್ತೆಯಲ್ಲಿ ನೀವಿದ್ದ ಮನೆಯಿಂದ ನಾಲ್ಕನೆಯದು ನಮ್ಮದು. ನಿನ್ನ ವಿಳಾಸವನ್ನು ನಿನ್ನ ಜೊತೆ ಓದಿದ ಆಶಾರಾಣಿ ಕೊಟ್ಟಳು. ಫೋನ್ ನಂಬರನ್ನೂ ಕೊಟ್ಟಳು. ಆದರೆ ನನ್ನ ಕಿವಿ ಮುಕ್ಕಾಲು ಪಾಲು ಹೋಗಿದೆ. ಹತ್ತಿರ ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ, ಫೋನಿನಲ್ಲಿ ಆಗುವುದಿಲ್ಲ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವುದಕ್ಕಿಂತ ಕಾಗದದ ಮೇಲೆ ನನ್ನ ಕೈ ಬೇಗ ಓಡುತ್ತದೆ.

ನೀನು ಬೆಳ್ಳಂದೂರಿನ ಯಾವುದೋ ಕಂಪನಿಯಲ್ಲಿ ಅಂಕಿ ಅಂಶಗಳನ್ನು ಚಿತ್ರ ಮಾಡಿ ತೋರಿಸುವ ಕೆಲಸದಲ್ಲಿದ್ದೀಯಂತೆ. ಕೇಳಿ ಬಹಳ ಸಂತೋಷವಾಯಿತು. ಅಂಥ ಒಂದು ಕೆಲಸಕ್ಕೇ ಈ ಪತ್ರ.

ನಮ್ಮ ಬೀದಿಯ ನೀರು ಕೆಟ್ಟಿದೆ. ಗೋಪಾಲಪ್ಪನವರ ಬೋರ್‌ವೆಲ್ ನಿನಗೆ ಗೊತ್ತು. ನಲವತ್ತೊಂದು ಮನೆಗಳಿಗೂ ಅದೇ. ಕಳೆದ ಬೇಸಿಗೆಯಿಂದ ಬಿಳಿ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ತೆಳು ಹಳದಿ ಕಾಣುತ್ತದೆ. ಕೈಬೆರಳ ಸಂದಿಯಲ್ಲಿ ಹುಣ್ಣು, ಹೊಟ್ಟೆಯುರಿ, ವಾಂತಿ. ಹಿಂದಿನ ಸಾಲಿನಲ್ಲಿ ಲೋಹಕ್ಕೆ ಕ್ರೋಮ್ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡುಗಳು ಇರುವುದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ನಿಮ್ಮ ತಂದೆ ಕಾಡಪ್ಪ ಅಂಥದ್ದೊಂದರಲ್ಲೇ ಜೀವ ಸವೆಸಿದವರು. ನಾನು ಐದು ಬೋರ್‌ವೆಲ್‌ಗಳ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಗೋಪಾಲಪ್ಪನವರ ಬೋರಿನಲ್ಲಿ 1.4 ಇದೆ. ಇಪ್ಪತ್ತೆಂಟು ಪಟ್ಟು.

ಇದನ್ನು ಕೋಷ್ಟಕ ಮಾಡಿ ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿದೆ. ಯಾರೂ ನಿಲ್ಲಲಿಲ್ಲ. ಎದುರುಮನೆಯ ಲೋಕೇಶ್ ಒಬ್ಬನೇ ನಿಂತು ಓದಿ, ನನ್ನ ಕಿವಿಯ ಹತ್ತಿರ ಬಂದು, "ಸಾರ್, ಒಂದು ಪಾಯಿಂಟ್ ನಾಲ್ಕು ಅಂದ್ರೆ ಒಂದೂವರೇನೂ ಇಲ್ವಲ್ಲ. ಕಮ್ಮೀನೇ ಅಲ್ವಾ?" ಎಂದ. ಅವನು ಲೇತ್ ಕೆಲಸದವನು, ದಡ್ಡನಲ್ಲ. ಅವನ ಹೆಂಡತಿ ದಿವ್ಯಾಗೆ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಮೂವತ್ತೆರಡು ವರ್ಷ. ಮೂರನೇ ಕ್ಲಾಸಿನ ಮಗಳಿದ್ದಾಳೆ.

ಇನ್ನೊಂದು ತೊಡಕಿದೆ. ಮೂರು ವರ್ಷದ ಹಿಂದೆ, ನೀವು ಮನೆ ಬಿಟ್ಟು ಹೋದ ಮೇಲೆ, ಕಾರ್ಖಾನೆಯವರು ಬೀದಿಯ ಮೂಲೆಯಲ್ಲಿ ದೊಡ್ಡ ಫಲಕ ನಿಲ್ಲಿಸಿದ್ದರು. 'ನಿಮ್ಮ ನೀರು ಸುರಕ್ಷಿತ' ಎಂದು ಮೇಲೆ ಬರೆದು, ಕೆಳಗೆ ಕಂಬ ಕಂಬವಾಗಿ ಒಂದು ಸ್ತಂಭಾಲೇಖ. ಜನ ಅದನ್ನು ಇನ್ನೂ ನಂಬುತ್ತಾರೆ. ಆಗ ಅವರಿಗೆ ಅದನ್ನು ಕೋಲು ಹಿಡಿದು ಓದಿ ಹೇಳಿದವನು ನಾನೇ.

ನೋಡಿದ ಕೂಡಲೇ ಅರ್ಥವಾಗುವ ಒಂದು ಚಿತ್ರ ಮಾಡಿಕೊಡುತ್ತೀಯಾ?

ನಿನ್ನ ಮೇಷ್ಟ್ರು,
ಪಾಪಯ್ಯ


ಬೆಳ್ಳಂದೂರು
24 ಜನವರಿ 2024

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಮನ್ನಿಸಿ. ಕೆಲಸ ಹೆಚ್ಚಿತ್ತು. ಅಮ್ಮ ಚೆನ್ನಾಗಿದ್ದಾರೆ, ನಿಮ್ಮನ್ನು ಕೇಳಿದರು.

ಚಿತ್ರ ಮಾಡಿಕೊಡುತ್ತೇನೆ. ಕೋಷ್ಟಕವನ್ನು ತೆಗೆದುಬಿಡಿ. ಜನ ಗೋಡೆಯ ಮುಂದೆ ನಿಂತಾಗ ಮೊದಲು ಹುಡುಕುವುದು ತಮ್ಮ ಮನೆಯನ್ನು. ಆದ್ದರಿಂದ ನಮಗೆ ಬೇಕಾದದ್ದು ಬೀದಿಯ ನಕ್ಷೆ. ಪ್ರತಿ ಮನೆ, ಅಂಗಡಿ, ಬೋರ್‌ವೆಲ್ ಎಲ್ಲಿದೆ ಎಂದು ಕೈಯಲ್ಲೇ ಬಿಡಿಸಿ ಕಳುಹಿಸಿ. ಯಾವ ಮನೆಯಲ್ಲಿ ಎಷ್ಟು ಜನರಿಗೆ ಹುಣ್ಣು, ಎಷ್ಟು ಜನರಿಗೆ ಹೊಟ್ಟೆಯ ತೊಂದರೆ ಎಂದು ಪಕ್ಕದಲ್ಲಿ ಬರೆಯಿರಿ. ಹೆಸರು ಬೇಡ. ನೀರನ್ನು ಇನ್ನೊಂದು ಸಲ ಬೇರೆ ಲ್ಯಾಬಿನಲ್ಲಿ ಪರೀಕ್ಷಿಸಿ. ಒಂದೇ ಪರೀಕ್ಷೆ ತಪ್ಪಿರಬಹುದು, ತಪ್ಪಿದ್ದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಆ ಹಳೆಯ ಫಲಕದ ಫೋಟೋ ಯಾರ ಬಳಿಯಾದರೂ ಇದೆಯೇ? ಅದರಲ್ಲಿ ಕಂಬಗಳ ಬಣ್ಣ ಯಾವುದಿತ್ತು?

ವಂದನೆಗಳೊಡನೆ,
ವೇಣಿ


ರಾಜಗೋಪಾಲನಗರ
30 ಜನವರಿ 2024

ಚಿ. ವೇಣಿ,

ಬಣ್ಣ ಯಾಕೆ ಕೇಳಿದೆಯೋ ತಿಳಿಯಲಿಲ್ಲ. ತಿಳಿನೀಲಿ. ಫೋಟೋ ಯಾರ ಬಳಿಯೂ ಇಲ್ಲ. ಫಲಕವೇ ಇನ್ನೂ ನಿಂತಿದೆ, ಬಿಸಿಲಿಗೆ ಸ್ವಲ್ಪ ಮಾಸಿದೆ. ಮುರುಕು ಸ್ಟೂಲಿನ ಮೇಲೆ ಕೂತು ಗ್ರಾಫ್ ಹಾಳೆಯಲ್ಲಿ ಹಾಗೇ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ನೀನು ಕೇಳಿದ ನಕ್ಷೆಯೂ ಇದೆ. ಎರಡನೆಯ ಲ್ಯಾಬಿನವರು 1.37 ಎಂದು ಕೊಟ್ಟಿದ್ದಾರೆ.

ನಕಲು ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಐದು ಪ್ರದೇಶಕ್ಕೆ ಐದು ಕಂಬ, ಮೇಲೆ 0.05ರ ಮಿತಿಗೆ ಕೆಂಪು ಗೆರೆ. ನಮ್ಮ ಪ್ರದೇಶದ ಕಂಬ 0.03ಕ್ಕೆ ನಿಂತಿದೆ, ಗೆರೆಗಿಂತ ಸಾಕಷ್ಟು ಕೆಳಗೆ. ಆದರೆ ಚೌಕಟ್ಟಿನ ಹತ್ತಿರ ಸಣ್ಣ ಅಕ್ಷರದಲ್ಲಿ, ಸ್ಕ್ರೂ ಹಾಕಿದ ಜಾಗದಲ್ಲಿ, 'ಸರಾಸರಿ, 38 ಬಾವಿ' ಎಂದು ಇದೆ. ಮೂರು ವರ್ಷದಲ್ಲಿ ನಾನು ಅದನ್ನು ಓದಿರಲಿಲ್ಲ ವೇಣಿ. ಸರಾಸರಿಯನ್ನು ಮೂವತ್ತೊಂದು ವರ್ಷ ಪಾಠ ಮಾಡಿದವನು ನಾನು. ನಲವತ್ತು ಮಕ್ಕಳ ಸರಾಸರಿ ಅಂಕ ಐವತ್ತು ಬಂದರೆ, ಸೊನ್ನೆ ತೆಗೆದ ನೀಲಪ್ಪ ಪಾಸಾದನೇ ಎಂದು ನಿಮ್ಮ ಕ್ಲಾಸಿನಲ್ಲೇ ಕೇಳಿದ್ದೆ. ನೀಲಪ್ಪನೂ ಸೇರಿ ಎಲ್ಲರೂ ನಕ್ಕಿದ್ದಿರಿ. ಅಂಥವನು ಫಲಕದ ಮುಂದೆ ನಿಂತು, "ನೋಡ್ರಪ್ಪಾ, ಕಂಬ ಗೆರೆಗಿಂತ ಕೆಳಗಿದೆ, ಅಷ್ಟೇ ನೋಡ್ಬೇಕಾಗಿರೋದು" ಎಂದು ಹೇಳಿಬಿಟ್ಟೆ.

ಅಂದು ಗುಂಪಿನಲ್ಲಿ ದಿವ್ಯಾ ಇದ್ದಳು. ಅಲ್ಲಿಯವರೆಗೂ ಅವರ ಮನೆಯಲ್ಲಿ ಕ್ಯಾನ್ ನೀರು ತರಿಸುತ್ತಿದ್ದರು. "ಹಂಗಾದ್ರೆ ಕ್ಯಾನ್ ಬೇಡ ಬಿಡಿ ಸಾರ್, ನೀವ್ ಹೇಳ್ದ್ಮೇಲೆ ಇನ್ನೇನು" ಎಂದಳು. ಮಾರನೆಯ ದಿನದಿಂದ ನಿಲ್ಲಿಸಿದಳು.

ಆ ನೀರಿನಿಂದಲೇ ಅವಳಿಗೆ ಹೀಗಾಯಿತು ಎಂದು ನಾನು ಹೇಳಲಾರೆ. ಒಬ್ಬರ ಕಾಯಿಲೆಯಿಂದ ಹಾಗೆ ಹೇಳಲು ಬರುವುದಿಲ್ಲ. ಇದನ್ನು ನಾನು ನನಗೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ.

ಒಂದು ಮಾತ್ರ ಒಪ್ಪಬೇಕು. ಆ ಫಲಕ ಮಾಡಿದವರ ಕೈ ಚೆನ್ನಾಗಿದೆ. ಗೆರೆ ಅಚ್ಚುಕಟ್ಟು, ಅಳತೆ ಸರಿ, ಒಂದೂ ಸುಳ್ಳು ಅಂಕಿ ಇಲ್ಲ. ಚೆನ್ನಾಗಿ ಕಲಿತವರ ಕೈ.

ಆಶೀರ್ವಾದಗಳು,
ಪಾಪಯ್ಯ


ಬೆಳ್ಳಂದೂರು
16 ಫೆಬ್ರವರಿ 2024

ಮೇಷ್ಟ್ರೇ, ನಮಸ್ಕಾರ.

ಚಿತ್ರ ಮುಗಿಯಿತು. ದಪ್ಪ ಕೊಳವೆಯಲ್ಲಿ ಸುತ್ತಿ ಕೊರಿಯರ್ ಮಾಡಿದ್ದೇನೆ. ಹಾಸಿದರೆ ಆರಡಿ ಉದ್ದ, ನಾಲ್ಕಡಿ ಅಗಲ.

ನಲವತ್ತೊಂದು ಮನೆಗಳನ್ನೂ ಬಿಡಿಸಿದ್ದೇನೆ. ಹುಣ್ಣಿಗೆ ಒಂದು ಕಪ್ಪು ಚುಕ್ಕಿ, ಹೊಟ್ಟೆಯ ತೊಂದರೆಗೆ ಒಂದು ಕಂದು ಚುಕ್ಕಿ. ಒಟ್ಟು ಅರವತ್ತೆರಡು ಚುಕ್ಕಿಗಳು. ಐದೂ ಬೋರ್‌ವೆಲ್‌ಗಳ ಪಕ್ಕದಲ್ಲಿ ಲೋಟದ ಚಿತ್ರಗಳಿವೆ. ಒಂದು ಲೋಟ ಎಂದರೆ ನೀರಿನಲ್ಲಿ ಇರಬಹುದಾದ ಗರಿಷ್ಠ ಮಿತಿ. ಉಳಿದ ನಾಲ್ಕು ಬೋರ್‌ಗಳಿಗೆ ಒಂದು ಲೋಟವೂ ತುಂಬಿಲ್ಲ. ಗೋಪಾಲಪ್ಪನವರದಕ್ಕೆ ಇಪ್ಪತ್ತೆಂಟು ಲೋಟಗಳನ್ನು ಸಾಲಾಗಿ ಇಟ್ಟಿದ್ದೇನೆ. ಜಾಗ ಸಾಲದೆ ಸಾಲು ರಸ್ತೆ ದಾಟಿ ಎದುರುಮನೆಗಳ ಮೇಲೆ ಹೋಯಿತು. ಹಾಗೇ ಬಿಟ್ಟೆ. ಈಗ ಲೋಕೇಶ್ ಅವರಿಗೆ ಎಷ್ಟು ಎಂದು ಹೇಳಬೇಕಾಗುವುದಿಲ್ಲ, ಎಣಿಸಬಹುದು.

ನೀವು ಬಿಡಿಸಿದ ನಕ್ಷೆಯಲ್ಲಿ ನಮ್ಮ ಹಳೆಯ ಮನೆಯೂ ಇತ್ತು. ಈಗಿನ ಬಾಡಿಗೆಯವರಿಗೆ ಮೂರು ಚುಕ್ಕಿ.

ಫಲಕದ ವಿಷಯ ನಿಮಗೆ ಬರೆಯಬೇಕಾದದ್ದು ಇದೆ. ಮುಂದೆ ಬರೆಯುತ್ತೇನೆ.

ವೇಣಿ


ರಾಜಗೋಪಾಲನಗರ
26 ಫೆಬ್ರವರಿ 2024

ಚಿ. ವೇಣಿ,

ನಿನ್ನೆ ಭಾನುವಾರ ಬೆಳಿಗ್ಗೆ ಚಿತ್ರವನ್ನು ಅಂಗಡಿಯ ಪಕ್ಕದ ಗೋಡೆಗೆ ಹಾಕಿದೆವು. ನೀನು ನೋಡಬೇಕಿತ್ತು. ನಾನು ಬಾಯೇ ತೆರೆಯಲಿಲ್ಲ. ಜನ ಬಂದರು, ಬೆರಳಿಟ್ಟು ತಮ್ಮ ಮನೆ ಹುಡುಕಿದರು, ಚುಕ್ಕಿ ಎಣಿಸಿದರು. ಆಮೇಲೆ ಲೋಟ ಎಣಿಸಿದರು. ಹೆಂಗಸರು ಎರಡೆರಡು ಸಲ ಎಣಿಸಿದರು. ಅಷ್ಟು ಜನರಿದ್ದೂ ಸದ್ದಿರಲಿಲ್ಲ. ಮೊದಲು ನನ್ನ ಕಿವಿಯೇ ಪೂರ್ತಿ ಹೋಯಿತೇನೋ ಎಂದುಕೊಂಡೆ.

ಗೋಪಾಲಪ್ಪನವರು ಬಂದರು. ಈ ಬಡಾವಣೆ ಹೊಲವಾಗಿದ್ದ ಕಾಲದಿಂದ ಇರುವವರು. ಬೀದಿಯ ಅರ್ಧ ಮನೆಗಳು ಅವರವೇ. ಕೋಪದಲ್ಲಿದ್ದುದರಿಂದ ಅವರ ಮಾತು ನನಗೆ ಚೆನ್ನಾಗಿ ಕೇಳಿಸಿತು.

"ಏನಯ್ಯಾ ಮೇಷ್ಟ್ರೇ, ಇಂಗ್ ಬರ್ದ್ ಅಂಟ್ಸಿದ್ರೆ ನನ್ ಮನೆಗೆ ಯಾರ್ ಬಾಡಿಗೆಗ್ ಬತ್ತಾರೆ? ನಮ್ಮಪ್ಪ ಕೊರೆಸಿದ್ ಬೋರು ಇದು. ನಾನೂ ಇದೇ ನೀರ್ ಕುಡ್ಯೋದು. ನನಗೇನಾಗದೆ?"

ಹೇಳುತ್ತಲೇ ಮನೆಗೆ ಹೋಗಿ ಒಂದು ಚೊಂಬು ನೀರು ತಂದು ಎಲ್ಲರೆದುರು ಗಟಗಟ ಕುಡಿದರು. ನಾನು ಕೈ ಹಿಡಿದು ತಡೆದೆ, ತಳ್ಳಿದರು. ಚೊಂಬು ಹಿಡಿದ ಆ ಕೈಯ ಬೆರಳ ಸಂದಿಗಳಲ್ಲಿ ಹುಣ್ಣು ಇದ್ದುದನ್ನು ಎಲ್ಲರೂ ಕಂಡರು. ಅವರು ಕೈ ಕೆಳಗಿಳಿಸಿ ಪಂಚೆಯಲ್ಲಿ ಮರೆಮಾಡಿಕೊಂಡು ಹೊರಟುಹೋದರು.

ಆಗ ಲೋಕೇಶ್ ದಿವ್ಯಾಳನ್ನು ಆಟೋದಲ್ಲಿ ಆಸ್ಪತ್ರೆಯಿಂದ ಕರೆತಂದ. ಅವಳಿಗೆ ನಿಲ್ಲಲು ತ್ರಾಣವಿಲ್ಲ. ಆದರೂ ಗೋಡೆ ಹಿಡಿದು ನಿಂತು ತನ್ನ ಮನೆಯನ್ನು ಹುಡುಕಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಇದ್ ನಮ್ಮನೆ ಅಲ್ವಾ ಸಾರ್?"

ಹೌದು ಎಂದೆ.

ಇಪ್ಪತ್ತೆಂಟು ಲೋಟಗಳನ್ನೂ ಎಣಿಸಿದಳು. ಉಸಿರು ತೆಗೆದುಕೊಳ್ಳಲು ನಡುವೆ ಎರಡು ಸಲ ನಿಲ್ಲಿಸಿದಳು. ಆಮೇಲೆ ಬೀದಿಯ ಮೂಲೆಯ ಕಡೆ ಕೈ ತೋರಿಸಿ, "ಮತ್ತೆ ಆ ಬೋರ್ಡು ಸಾರ್? ಅವತ್ತು ನೀವ್ ಓದಿ ಹೇಳಿದ್ರಲ್ಲ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ ವೇಣಿ. ಕ್ಲಾಸಿನಲ್ಲಿ ಅರ್ಥವಾಗದ ಮಗು ಎದ್ದು ನಿಂತು ಕೇಳಿದ ಹಾಗೆ ಕೇಳಿದಳು.

ನಾನು, "ನಾನು ಸರಿಯಾಗಿ ಓದ್ಲಿಲ್ಲಮ್ಮ" ಎಂದೆ. ಲೋಕೇಶ್ ನನ್ನ ಮುಖ ನೋಡಿದ. ಅವಳನ್ನು ಒಳಗೆ ಕರೆದುಕೊಂಡು ಹೋದ. ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಚಿತ್ರ ಕೆಲಸ ಮಾಡಿತು. ಇವತ್ತು ಬೆಳಿಗ್ಗೆ ಬೀದಿಯಲ್ಲಿ ಒಬ್ಬರೂ ಆ ನೀರು ಕುಡಿಯಲು ಹಿಡಿದಿಲ್ಲ. ನೀನು ಬರೆಯಬೇಕಾದದ್ದು ಏನೋ ಇದೆ ಎಂದಿದ್ದೆ.

ಪಾಪಯ್ಯ


ಬೆಳ್ಳಂದೂರು
11 ಮಾರ್ಚ್ 2024

ಮೇಷ್ಟ್ರೇ,

ಆ ಫಲಕದ ಚಿತ್ರ ಮಾಡಿದವಳು ನಾನು.

2021ರ ಜನವರಿಯಲ್ಲಿ ಅಲ್ಲಿನ ಕೆಲವು ಕಾರ್ಖಾನೆಗಳು ಸೇರಿ ನಮ್ಮ ಕಂಪನಿಗೆ ಆ ಕೆಲಸ ಕೊಟ್ಟಿದ್ದವು. ಪರೀಕ್ಷೆ ಮಾಡಿದ ಅಂಕಿಗಳ ಹಾಳೆ ನನ್ನ ಕೈಗೆ ಬಂತು. ನಮ್ಮ ಪ್ರದೇಶಕ್ಕೆ ಮೂವತ್ತೆಂಟು ಸಾಲು. ಮೂವತ್ತೇಳು ಸಾಲುಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಇಪ್ಪತ್ತೇಳನೆಯದರಲ್ಲಿ 0.9. ಪಕ್ಕದಲ್ಲಿ ವಿಳಾಸವಿತ್ತು: ಗೋಪಾಲಪ್ಪ, ಮೂರನೇ ಅಡ್ಡರಸ್ತೆ.

ನಮ್ಮ ಮ್ಯಾನೇಜರ್ ರುದ್ರೇಶ್ ಅವರ ಬಳಿ ಹೋಗಿ, "ಸರ್, ಇದೊಂದು ಬಾವಿದು ತುಂಬ ಜಾಸ್ತಿ ಇದೆ" ಎಂದೆ.

"ಅದು ಔಟ್‌ಲೈಯರ್ ಕಣಮ್ಮ. ಮಿಕ್ಕಿದ್ರ ಜೊತೆ ಸೇರಲ್ಲ. ಕ್ಲೈಂಟ್ ಕೇಳಿರೋದು ಏರಿಯಾ ಆವರೇಜು. ಐದು ಬಾರ್, ಒಂದು ಲೈನ್. ಕ್ಲೀನಾಗಿರ್ಲಿ."

"ಕೆಳಗೆ ಒಂದು ಸಾಲು ಬರೀಲಾ ಸರ್, ಒಂದು ಬಾವೀಲಿ ಮಿತಿ ಮೀರಿದೆ ಅಂತ?"

"ಜನಕ್ಕೆ ಗಾಬರಿ ಮಾಡೋದಾ? ಆವರೇಜ್ ಅಂತ ಬರಿ ಸಾಕು."

ಅಷ್ಟೇ ಮಾತು. ಒಂದು ನಿಮಿಷವೂ ಆಗಲಿಲ್ಲ. ಅವರು ಬೆದರಿಸಲಿಲ್ಲ, ನನ್ನ ಕೆಲಸಕ್ಕೇನೂ ಕುತ್ತು ಇರಲಿಲ್ಲ. ಮತ್ತೊಮ್ಮೆ ಕೇಳಬಹುದಿತ್ತು, ಕೇಳಲಿಲ್ಲ. ನಿಮಗೆ ಬಂದು ಹೇಳಬಹುದಿತ್ತು, ಒಂದು ಬಸ್ಸು ಹತ್ತಿದರೆ ಆಗುತ್ತಿತ್ತು. ಬರಲಿಲ್ಲ.

ಕಂಬಗಳಿಗೆ ತಿಳಿನೀಲಿ ಆರಿಸಿದವಳು ನಾನು. ನೀರಿನ ಬಣ್ಣ, ನೋಡಿದವರಿಗೆ ಸಮಾಧಾನವಾಗುತ್ತದೆ ಎಂದು ಮೀಟಿಂಗಿನಲ್ಲಿ ನಾನೇ ಹೇಳಿದೆ. ಎಲ್ಲರೂ ಚೆನ್ನಾಗಿದೆ ಎಂದರು. 'ಸರಾಸರಿ' ಎನ್ನುವುದನ್ನು ಚೌಕಟ್ಟಿನ ಅಂಚಿಗೆ ಇಟ್ಟವಳೂ ನಾನೇ. ಅಲ್ಲಿ ಸ್ಕ್ರೂ ಬರುತ್ತದೆ ಎಂದು ಗೊತ್ತಿರಲಿಲ್ಲ. ಆದರೆ ಅಲ್ಲಿ ಯಾರೂ ಓದುವುದಿಲ್ಲ ಎಂದು ಗೊತ್ತಿತ್ತು.

ಇನ್ನೊಂದು ಮಾತು. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಸುಳ್ಳಾಗುತ್ತದೆ. ಅದಕ್ಕೆ ಆರು ತಿಂಗಳ ಹಿಂದೆಯೇ ನಾನು ಅಮ್ಮನನ್ನು ಇಲ್ಲಿಗೆ ಕರೆತಂದಿದ್ದೆ. ಇಪ್ಪತ್ತೇಳನೇ ಸಾಲು ನೋಡಿದಾಗ ನನಗೆ ಮೊದಲು ಬಂದ ಯೋಚನೆ, ಸದ್ಯ ಅಮ್ಮ ಅಲ್ಲಿಲ್ಲ, ಎಂದು. ಎರಡನೆಯ ಯೋಚನೆ ಬರಲು ನಾನು ಬಿಡಲಿಲ್ಲ.

ನಿಮ್ಮ ಮೊದಲ ಪತ್ರ ಬಂದ ದಿನವೇ ನನಗೆ ತಿಳಿಯಿತು. ಬಣ್ಣ ಕೇಳಿದ್ದು, ಬೇರೆ ಯಾರದ್ದೋ ಫಲಕ ಆಗಿರಲಿ ಎಂಬ ಆಸೆಯಿಂದ. ಹೊಸ ಚಿತ್ರ ಚೆನ್ನಾಗಿ ಬಂದರೆ ಇದನ್ನು ಹೇಳಬೇಕಾಗುವುದಿಲ್ಲ ಎಂದೂ ಅಂದುಕೊಂಡಿದ್ದೆ. ದಿವ್ಯಾ ಗೋಡೆ ಹಿಡಿದು ಲೋಟ ಎಣಿಸಿದರು ಎಂದು ಓದಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಅವರು ಹೇಗಿದ್ದಾರೆ, ತಿಳಿಸಿ.

ವೇಣಿ


ರಾಜಗೋಪಾಲನಗರ
2 ಏಪ್ರಿಲ್ 2024

ವೇಣಿಗೆ,

ದಿವ್ಯಾ ಮಾರ್ಚ್ 23ರಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ನಿನ್ನ ಪತ್ರ ಅದಕ್ಕೆ ಎಂಟು ದಿನ ಮೊದಲೇ ಬಂದಿತ್ತು. ಓದಿದೆ. ಅವಳು ಬದುಕಿರುವಾಗಲೇ ಹೋಗಿ ಹೇಳಬೇಕೆಂದು ದಿನವೂ ಹೊರಡುತ್ತಿದ್ದೆ. ಬಾಗಿಲವರೆಗೆ ಹೋಗಿ ಮರಳುತ್ತಿದ್ದೆ. ಆದ್ದರಿಂದ ನೀನು ಬಸ್ಸು ಹತ್ತಲಿಲ್ಲ ಎಂಬುದರ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ. ನನಗೆ ದಾಟಬೇಕಿದ್ದದ್ದು ಹತ್ತಡಿ ರಸ್ತೆ.

ನಿನ್ನ ಪತ್ರವನ್ನು ಬೀದಿಯವರ ಮುಂದೆ ಓದಬೇಕೆಂದಿದ್ದೇನೆ, ನಿನ್ನ ಹೆಸರಿನ ಸಮೇತ. ಬೇಡವಾದರೆ ಬರೆ. ಬೇಡವೆಂದು ಬರೆದರೂ ಓದುತ್ತೇನೋ ಏನೋ, ನನಗೇ ತಿಳಿಯದು.

ಪಾಪಯ್ಯ


ಬೆಳ್ಳಂದೂರು
9 ಏಪ್ರಿಲ್ 2024

ಮೇಷ್ಟ್ರೇ,

ಓದಿ. ಹೆಸರಿನ ಸಮೇತ ಓದಿ.

ಮೂವತ್ತೆಂಟು ಸಾಲುಗಳ ಮೂಲ ಹಾಳೆ ನನ್ನ ಬಳಿ ಉಳಿದಿತ್ತು. ಅದನ್ನು, ನಾನು ಮಾಡಿದ ಫಲಕವನ್ನು, ರುದ್ರೇಶ್ ಅವರ ಜೊತೆ ಆದ ಮಾತನ್ನು ಎಲ್ಲ ಬರೆದು, ಸಹಿ ಮಾಡಿ, ಮಾಲಿನ್ಯದ ವಿಷಯ ನೋಡಿಕೊಳ್ಳುವ ಕಚೇರಿಗೆ ಕೊಟ್ಟು ಬಂದೆ. ಸ್ವೀಕರಿಸಿದ ಮೊಹರಿನ ಪ್ರತಿ ಇದರ ಜೊತೆ ಇದೆ. ಕಂಪನಿಗೂ ಅದೇ ದಿನ ತಿಳಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಗುರುತಿನ ಕಾರ್ಡ್ ವಾಪಸ್ ತೆಗೆದುಕೊಂಡು ಕೆಲಸದಿಂದ ತೆಗೆದರು. ಕಂಪನಿಯ ದಾಖಲೆ ಹೊರಗೆ ಕೊಟ್ಟಿದ್ದಕ್ಕೆ ವಕೀಲರ ನೋಟಿಸ್ ಬರುತ್ತದಂತೆ. ಬರಲಿ.

ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಮೂರು ವರ್ಷ ತಡ.

ವೇಣಿ


ರಾಜಗೋಪಾಲನಗರ
20 ಜೂನ್ 2024

ಚಿ. ವೇಣಿ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಒಂದೂ ಪೂರ್ತಿಯಾಗಿರಲಿಲ್ಲ. ಈಗಲೂ ಆಗಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ನಿನ್ನ ಪತ್ರ ಓದಿದೆ. "ಯಾವ ವೇಣಿ? ಕಾಡಪ್ಪನ ಮಗಳಾ?" ಎಂದು ಒಂದಿಬ್ಬರು ಕೇಳಿದರು. ಹೌದು ಎಂದಾಗ ಒಬ್ಬ ಮುದುಕಿ ನೆಲಕ್ಕೆ ಉಗಿದಳು. ನಿನಗೆ ಉಗಿದಳೋ ನನಗೋ ಗೊತ್ತಾಗಲಿಲ್ಲ. ನಿಮ್ಮ ತಾಯಿಯನ್ನು ಕುರಿತ ಸಾಲು ಬಂದಾಗ ಲೋಕೇಶ್ ಎದ್ದು ಹೋದ. ನಾನು ಮುಂದಕ್ಕೆ ಓದಿದೆ.

ಆಮೇಲೆ ಕಚೇರಿಯವರು ಬಂದರು. ನೀರು ತೆಗೆದುಕೊಂಡು ಹೋದರು, ತಿಂಗಳ ಮೇಲೆ ಬಂದು ಬೋರಿಗೆ ಸೀಲು ಹಾಕಲು ನೋಡಿದರು. ಸೀಲು ಹಾಕಲು ಏನೂ ಇರಲಿಲ್ಲ. ಗೋಪಾಲಪ್ಪನವರು ಅದಾಗಲೇ ತಾವೇ ಕೂಲಿಯವರನ್ನು ಕರೆಸಿ ಮೋಟರು, ಪೈಪು ಎಲ್ಲ ಎತ್ತಿಸಿ, ಬಾಯಿಗೆ ಸಿಮೆಂಟು ಹಾಕಿಸಿದ್ದರು. ಈಗ ಟ್ಯಾಂಕರ್ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಶೆಡ್ಡುಗಳ ಪೈಕಿ ಎರಡನ್ನು ಮುಚ್ಚಿಸಿದರು, ಮೂರು ವಾರದಲ್ಲಿ ಒಂದು ತೆರೆಯಿತು. ನೆಲದೊಳಗೆ ಹರಿದುಬಂದದ್ದು ಯಾವ ಶೆಡ್ಡಿನದೆಂದು ಹೇಳಲಾಗದು, ಎಷ್ಟೋ ವರ್ಷದ್ದು, ಎಂದು ಅಧಿಕಾರಿ ಹೇಳಿದರು. ಕಳೆದ ವಾರ ಸಭೆ ಕರೆದಿದ್ದರು. ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಬೋರು ಮುಚ್ಚಿದ ಮೇಲೆ ಪ್ರದೇಶದ ಸರಾಸರಿ ಎಷ್ಟು ಇಳಿದಿದೆ ಎಂಬ ಚಿತ್ರ. ಹಸಿರು ಬಣ್ಣದ್ದು. ನಾನು ಏಳುವ ಮೊದಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನಮ್ಮ ಬೀದಿಯ ಇಬ್ಬರು ಹೆಂಗಸರು ಎದ್ದು, "ಆವರೇಜ್ ಬೇಡ ಸಾರ್. ಒಂದೊಂದ್ ಬೋರ್‌ದೂ ಬೇರೆ ಬೇರೆ ತೋರ್ಸಿ" ಎಂದರು. ಅಧಿಕಾರಿ ಮುಂದಿನ ಸಭೆಯಲ್ಲಿ ಎಂದರು.

ಈಗ ನಿನಗೆ ಬರೆಯುವ ಕಾರಣ. ಮೊನ್ನೆ ಲೋಕೇಶ್ ನಮ್ಮ ಮನೆಗೆ ಬಂದ. ನಾಲ್ಕು ತಿಂಗಳ ಮೇಲೆ. ಕೂರಲಿಲ್ಲ. ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಇಟ್ಟ. ಅದರ ತುಂಬ ದಿವ್ಯಾಳ ರಕ್ತ ಪರೀಕ್ಷೆಯ ಚೀಟಿಗಳು.

"ಆ ಹುಡುಗಿಗೆ ಕೊಡಿ ಸಾರ್. ಚಿತ್ರ ಮಾಡ್ಲಿ. ಇವಳ್ದು ಒಬ್ಬಳ್ದೇ ಮಾಡ್ಬೇಕು. ಯಾರ ಜೊತೇನೂ ಸೇರಿಸ್ಬಾರ್ದು."

ನಾನು ಕಳುಹಿಸುತ್ತೇನೆ ಎಂದೆ. ಅವನು, "ಮಾಡಿ ತಂದು ಅವಳೇ ಕೊಡ್ಲಿ" ಎಂದ.

ಚೀಟಿಗಳು ಇದರ ಜೊತೆ ಇವೆ. ಜೋಪಾನ, ಅವನ ಬಳಿ ಬೇರೆ ಪ್ರತಿ ಇಲ್ಲ.

ಪಾಪಯ್ಯ


ಬೆಳ್ಳಂದೂರು
15 ಜುಲೈ 2024

ಮೇಷ್ಟ್ರೇ,

ನಿನ್ನೆ ನಿಮ್ಮ ಬೀದಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಬಾಗಿಲು ತೆರೆದಿತ್ತು, ನೀವು ಬೆನ್ನು ತಿರುಗಿಸಿ ಕೂತು ಏನೋ ಬರೆಯುತ್ತಿದ್ದಿರಿ. ಕರೆದರೆ ಕೇಳಿಸುವುದಿಲ್ಲ ಎಂಬುದನ್ನೇ ನೆಪ ಮಾಡಿಕೊಂಡು ಎದುರುಮನೆಗೆ ಹೋದೆ.

ಲೋಕೇಶ್ ಒಳಗೆ ಕರೆದರು. ನೆಲದ ಮೇಲೆ ಚಾಪೆ ಹಾಕಿದರು. ಚೀಟಿಗಳನ್ನು ಮೊದಲು ಎಣಿಸಿ ವಾಪಸ್ ಕೊಟ್ಟೆ, ಇಪ್ಪತ್ತಮೂರು. ಆಮೇಲೆ ಹಾಳೆ ಬಿಡಿಸಿದೆ.

ಬಣ್ಣವಿಲ್ಲದೆ ಮಾಡಿದ್ದೆ. ಬರೀ ಕಪ್ಪು ಗೆರೆ. ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಒಂದೇ ಅಂಕಿ, ತಿಂಗಳ ಮೇಲೆ ತಿಂಗಳು. ಮೇಲೇರಿದಷ್ಟೂ ಕೆಟ್ಟದು. ಡಯಾಲಿಸಿಸ್ ಶುರುವಾದ ಮೇಲೆ ಆ ಅಂಕಿಗೆ ಬೇರೆ ಅರ್ಥ, ಆದ್ದರಿಂದ ಅಲ್ಲಿಂದ ಮುಂದಿನವನ್ನು ಗೆರೆ ಎಳೆಯದೆ ಬಿಡಿ ಚುಕ್ಕಿಗಳಾಗಿ ಇಟ್ಟಿದ್ದೆ. ಎಲ್ಲವನ್ನೂ ಹೇಳಿದೆ. ನಾನೇ ಆ ಫಲಕದವಳು ಎಂದೂ ಹೇಳಿದೆ. ಅವರು, "ಗೊತ್ತು" ಎಂದರು.

ಲೇತ್ ಕೆಲಸದವರು, ಅಳತೆ ನೋಡಿ ರೂಢಿ. ಬೆರಳನ್ನು ಗೆರೆಯ ಮೇಲೆ ನಿಧಾನವಾಗಿ ಓಡಿಸಿದರು. ಏರುವ ಗೆರೆ ಒಂದು ಕಡೆ ಇಳಿದು ಮತ್ತೆ ಏರುತ್ತದೆ. ಅಲ್ಲಿ ಬೆರಳು ನಿಂತಿತು.

"ಇಲ್ಲಿ ಇಳ್ದಿದೆ ಅಲ್ವಾ? ಇದ್ಯಾವ್ ತಿಂಗ್ಳು?"

"2022ರ ಡಿಸೆಂಬರ್. ಅಕ್ಟೋಬರಲ್ಲಿ ಮೂರು ಪಾಯಿಂಟ್ ನಾಲ್ಕು ಇತ್ತು, ಡಿಸೆಂಬರಲ್ಲಿ ಎರಡು ಪಾಯಿಂಟ್ ಏಳು. ಆಮೇಲೆ ಫೆಬ್ರವರಿಗೆ ಮತ್ತೆ ಜಾಸ್ತಿ ಆಗಿದೆ."

ಅವರು ಬೆರಳನ್ನು ಅಲ್ಲೇ ಒತ್ತಿ ಹಿಡಿದರು. ಆಮೇಲೆ ಹಾಳೆಯನ್ನೇ ನೋಡುತ್ತಾ ಹೇಳಿದರು. "ಆಗ ಅವ್ಳು ಇಲ್ಲಿರ್ಲಿಲ್ಲ. ತಂಗಿ ಬಾಣಂತನಕ್ಕೆ ಅಂತ ಮಧುಗಿರಿಗೆ ಹೋಗಿದ್ಲು. ಎರಡೂವರೆ ತಿಂಗ್ಳು. ಅವ್ರಮ್ಮ ಇನ್ನೊಂದ್ ನಾಲ್ಕ್ ತಿಂಗ್ಳು ಇರ್ಲಿ, ಮೈಗೆ ಚೆನ್ನಾಗ್ ಹತ್ತಿದೆ ಅಂದ್ರು. ನಾನೇ ಮಗು ಸ್ಕೂಲು ತಪ್ಪತ್ತೆ ಬಾ ಬಾ ಅಂತ ಫೋನ್ ಮೇಲೆ ಫೋನ್ ಮಾಡಿ ಕರ್ಕೊಂಡ್ ಬಂದೆ."

ಮೇಷ್ಟ್ರೇ, ಆ ಇಳಿತವನ್ನು ನಾನು ಚಿತ್ರ ಮಾಡುವಾಗಲೇ ಕಂಡಿದ್ದೆ. ಯಾವುದೋ ಔಷಧಿ ಹಿಡಿದಿರಬೇಕು ಎಂದುಕೊಂಡು ಮುಂದಕ್ಕೆ ಎಳೆದಿದ್ದೆ.

"ಅಲ್ಲೇ ಬಿಟ್ಟಿದ್ರೆ ಮೇಡಂ?" ಎಂದರು. "ಅಲ್ಲೇ ಇದ್ದಿದ್ರೆ ಉಳೀತಿದ್ಲಾ?"

ಒಂದು ಇಳಿತದಿಂದ ಅಷ್ಟು ಹೇಳಲು ಬರುವುದಿಲ್ಲ. ಊಟ ಬದಲಾಗಿರಬಹುದು, ವಿಶ್ರಾಂತಿ ಸಿಕ್ಕಿರಬಹುದು, ಲ್ಯಾಬಿನ ವ್ಯತ್ಯಾಸವಿರಬಹುದು. ಇದನ್ನೆಲ್ಲ ಹೇಳಬಹುದಿತ್ತು, ಹೇಳಿದರೆ ಅವರಿಗೆ ಸ್ವಲ್ಪ ನೆಮ್ಮದಿಯೂ ಆಗುತ್ತಿತ್ತೇನೋ. ಆದರೆ ನನ್ನ ಬಾಯಿಂದ ನೆಮ್ಮದಿಯ ಮಾತು ಬಂದರೆ ಅವರು ಅದನ್ನು ಏನೆಂದು ನಂಬಬೇಕು?

"ಗೊತ್ತಿಲ್ಲ" ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

ಅವರು ತಲೆಯಾಡಿಸಿದರು. "ಈ ಗೊತ್ತಿಲ್ಲ ಅನ್ನೋದನ್ನ ಬೋರ್ಡ್ ಹಾಕಿದ್ ದಿನಾನೇ ಹೇಳಿದ್ರೆ ಸಾಕಾಗಿತ್ತು" ಎಂದರು.

ಹಾಳೆಯನ್ನು ಮಡಚಿ ಚೀಟಿಗಳ ಜೊತೆ ಕವರಿನಲ್ಲಿ ಇಟ್ಟು ಬೀರುವಿನೊಳಗೆ, ದಿವ್ಯಾ ಅವರ ಸೀರೆಗಳ ಕೆಳಗೆ ತಳ್ಳಿದರು. ಬಾಗಿಲ ಕಡೆ ನೋಡಿ, "ಮಗಳು ಆಟ ಆಡ್ಕೊಂಡ್ ಬರೋ ಹೊತ್ತಾಯ್ತು. ಯಾರು ಅಂತ ಕೇಳ್ತಾಳೆ. ನೀವ್ ಹೊರಡಿ" ಎಂದರು.

ಹೊರಟು ಬಂದೆ.

ವೇಣಿ